ಹಡಗಿನ ಹೊಸ್ತಿಲು

(ವಿಶ್ವ ಅಂಗವಿಕಲರ ದಿನದಂದು ದಾವಣಗೆರೆಯಲ್ಲಿ ಎಂಜಿನಿಯರಿಂಗ್ ವಿದ್ಯಾರ್ಥಿಗಳು ಮತ್ತು ಊರಿನ ಟ್ರಾವೆಲ್ ಏಜೆಂಟರ ಮುಂದೆ ಆಡಿದ ಮಾತು. ಬರೆಯುವಾಗ ಒಂದೆರಡು ಕಡೆ ಬೆಳೆಸಿದ್ದೇನೆ.)

ಎಲ್ಲರಿಗೂ ನಮಸ್ಕಾರ. ನಾನು ವೇದಿಕೆಯ ಮೇಲಿಲ್ಲ, ನಿಮ್ಮ ಮೊದಲ ಸಾಲಿನ ಮುಂದೆಯೇ ಇದ್ದೇನೆ. ವೇದಿಕೆಗೆ ಮೂರು ಮೆಟ್ಟಿಲಿವೆ. "ನಾಲ್ಕು ಹುಡುಗ್ರು ಅದಾರ್ರಿ ಮೇಡಂ, ಕುರ್ಚಿ ಸಮೇತ ಎತ್ತಿ ಇಡ್ತಾರ" ಅಂತ ಸಂಘಟಕರು ಪ್ರೀತಿಯಿಂದಲೇ ಹೇಳಿದರು. ಬೇಡ, ಮೈಕನ್ನೇ ಕೆಳಗೆ ತನ್ನಿ ಅಂದೆ. ಎತ್ತುವವರಿಗೆ ಅದು ಎರಡು ನಿಮಿಷದ ಕೆಲಸ. ಎತ್ತಿಸಿಕೊಳ್ಳುವವರಿಗೆ ಹಾಗಲ್ಲ. ಒಬ್ಬನ ಕೈ ಜಾರಿದರೆ ಏನು ಗತಿ ಎಂಬ ಭಯ, ಸೀರೆ ಸರಿದೀತು ಎಂಬ ಸಂಕೋಚ, ಮುನ್ನೂರು ಜನ ನೋಡುತ್ತಿದ್ದಾರೆ ಎಂಬ ಅರಿವು ಎಲ್ಲ ಒಟ್ಟಿಗೆ ಬರುತ್ತವೆ. ಇವತ್ತಿನ ಮಾತಿನಲ್ಲಿ ಈ ಎತ್ತುವ ವಿಚಾರ ಮತ್ತೆ ಮತ್ತೆ ಬರಲಿದೆ, ಅದಕ್ಕೇ ಮೊದಲೇ ಹೇಳಿದೆ.

ದಾವಣಗೆರೆಯವರಿಗೂ ಸಮುದ್ರದ ಹಡಗಿಗೂ ಏನು ನಂಟು ಅಂತ ಕೇಳಬಹುದು. ನಮಗೆ ಗೊತ್ತಿರುವ ನೀರು ಅಂದರೆ ಭದ್ರಾ ನಾಲೆ, ಕುಂದುವಾಡ ಕೆರೆ, ದೊಡ್ಡದೆಂದರೆ ಸೂಳೆಕೆರೆ. ಆದರೆ ಈಗ ಪಿ.ಜೆ. ಬಡಾವಣೆಯಲ್ಲಿ ನಡೆದುಹೋದರೆ ಕ್ರೂಸ್ ಹಡಗಿನ ಚಿತ್ರವಿರುವ ಬೋರ್ಡು ಕಾಣುತ್ತದೆ. ಮಕ್ಕಳು ದುಡಿಯಲು ನಿಂತ ಮೇಲೆ ಅಪ್ಪ ಅಮ್ಮನನ್ನು ಕಳಿಸುತ್ತಾರೆ. ಹೋಗುವವರಲ್ಲಿ ಮಂಡಿ ನೋವಿನವರಿದ್ದಾರೆ, ಪಾರ್ಶ್ವವಾಯು ಬಡಿದವರಿದ್ದಾರೆ, ನನ್ನಂತೆ ಕುರ್ಚಿಯಲ್ಲೇ ಇರುವವರಿದ್ದಾರೆ.

ಹಡಗಿಗೆ ಹೋಗುವ ಮುನ್ನ ನಮ್ಮ ಹಳೆ ಮನೆಯ ಬಾಗಿಲಿಗೆ ಹೋಗಬೇಕು. ನನಗೆ ಎರಡು ವರ್ಷ ತುಂಬುವಾಗ ಪೋಲಿಯೊ ಬಂತು. ಅಪ್ಪ ಹತ್ತಿ ಮಿಲ್ಲಿನಲ್ಲಿ ಕೆಲಸಕ್ಕಿದ್ದರು. ಮನೆಯ ಹೊಸ್ತಿಲು ತೇಗದ ಮರದ್ದು, ಒಂದು ಗೇಣು ಎತ್ತರ. ಮಳೆನೀರು, ಹುಳಹುಪ್ಪಟೆ ಒಳಗೆ ಬರದಂತೆ ತಡೆಯುವುದೂ ಅದೇ, ಲಕ್ಷ್ಮಿ ಅಂತ ಅವ್ವ ಕೈ ಮುಗಿಯುವುದೂ ಅದಕ್ಕೇ. ಮಂಗಳವಾರ, ಶುಕ್ರವಾರ ತೊಳೆದು ಅರಿಸಿನ ಕುಂಕುಮ ಹಚ್ಚಿ ಎಳೆ ರಂಗೋಲಿ ಹಾಕುತ್ತಿದ್ದಳು. ಹೈಸ್ಕೂಲಿಗೆ ಬರುವವರೆಗೂ ಆ ಹೊಸ್ತಿಲನ್ನು ನಾನು ಅಪ್ಪನ ಕಂಕುಳಲ್ಲಿ, ಆಮೇಲೆ ಬೆನ್ನ ಮೇಲೆ ದಾಟಿದೆ. ಮೊದಲ ಗಾಲಿಕುರ್ಚಿ ಬಂದ ದಿನ ಹೊಸ್ತಿಲು ಕೊಯ್ಸಿಬಿಡೋಣ ಅಂತ ಯಾರೋ ಅಂದರು. ಅವ್ವ ಬಿಲ್‌ಕುಲ್ ಒಪ್ಪಲಿಲ್ಲ. ಅಪ್ಪ ಅವಳ ಜೊತೆ ಜಗಳಕ್ಕೆ ಹೋಗಲಿಲ್ಲ. ಮಿಲ್ಲಿನ ಬಡಗಿಯ ಕೈಯಲ್ಲಿ ಬೆಣೆಯ ಹಾಗಿನ ಎರಡು ಹಲಗೆ ಮಾಡಿಸಿ ತಂದು ಹೊಸ್ತಿಲ ಒಳಗೊಂದು ಹೊರಗೊಂದು ಇಟ್ಟರು. ಬೆಳಿಗ್ಗೆ ಅವ್ವ ಹಲಗೆ ಸರಿಸಿ ಪೂಜೆ ಮುಗಿಸಿ, ನಾನು ಶಾಲೆಗೆ ಹೊರಡುವ ಹೊತ್ತಿಗೆ ಮತ್ತೆ ಹಾಕಿರುತ್ತಿದ್ದಳು. ಹೊಸ್ತಿಲು ಇದ್ದಲ್ಲೇ ಇತ್ತು. ನಾನು ಎಸ್ಸೆಸ್ಸೆಲ್ಸಿ, ಪಿಯುಸಿ, ಬಿಕಾಂ ಎಲ್ಲಕ್ಕೂ ಅದೇ ಹಲಗೆಯ ಮೇಲೆ ಹೋಗಿ ಬಂದೆ.

ಬ್ಯಾಂಕಿನ ಕೆಲಸದಿಂದ ನಿವೃತ್ತಿ ತಗೊಂಡ ಮೇಲೆ ನನ್ನ ತಂಗಿ ಒಂದು ದಿನ ಹೇಳಿದಳು: "ಅಕ್ಕಾ, ಗುಡ್ಡ ಹತ್ತೋ ಊರು ನಮಗ ಬ್ಯಾಡ. ಹಡಗಿನ್ಯಾಗ ಹೋಗಾಣ. ನಾವು ಕುಂತಲ್ಲೇ ಊರು ನಮ್ಮ ಹತ್ರ ಬರ್ತಾವ." ಅವಳ ಮಾತು ಸರಿಯಾಗೇ ಇತ್ತು. ಗಾಲಿಕುರ್ಚಿಯವರಿಗೆ ಪ್ರವಾಸದಲ್ಲಿ ಜೀವ ಹಿಂಡುವುದು ದಿನಕ್ಕೊಂದು ಲಾಡ್ಜು, ದಿನಕ್ಕೊಂದು ಬಚ್ಚಲು. ಹಡಗಿನಲ್ಲಿ ಒಂದೇ ಕೋಣೆ, ಒಂದೇ ಹಾಸಿಗೆ, ಲಿಫ್ಟುಗಳಿರುತ್ತವೆ, ಊಟದ ಮನೆಗೆ ಮೆಟ್ಟಿಲಿಲ್ಲ. ಸಿಂಗಾಪುರದಿಂದ ಹೊರಟು ಪೆನಾಂಗ್, ಫುಕೆಟ್ ನೋಡಿ ವಾಪಸ್ ಬರುವ ಹಡಗಿಗೆ ಬುಕ್ ಮಾಡಿದೆವು. ಹಡಗಿನ ಕಂಪನಿಯ ಹೆಸರನ್ನಾಗಲಿ, ಬುಕ್ ಮಾಡಿಕೊಟ್ಟವರ ಹೆಸರನ್ನಾಗಲಿ ನಾನು ಹೇಳುವುದಿಲ್ಲ. ಇದು ಒಬ್ಬರ ತಪ್ಪಿನ ಕಥೆಯಲ್ಲ.

ಸಿಂಗಾಪುರದ ಟರ್ಮಿನಲ್ಲಿನಲ್ಲಿ ಕಾರು ಇಳಿದಲ್ಲಿಂದ ಹಡಗಿನ ಬಾಗಿಲಿನವರೆಗೆ ನನ್ನನ್ನು ಯಾರೂ ಎತ್ತಲಿಲ್ಲ. ಅಷ್ಟು ಸಮನೆಲ. ಹಡಗಿನೊಳಗೆ ಹೋಗಿ, ಲಿಫ್ಟು ಹತ್ತಿ, ಉದ್ದನೆಯ ಕಾರಿಡಾರಿನಲ್ಲಿ ನಮ್ಮ ಕ್ಯಾಬಿನ್ ಹುಡುಕಿ ನಿಂತೆವು. ನನ್ನ ಕುರ್ಚಿಯ ಅಗಲ 64 ಸೆಂಟಿಮೀಟರ್. ಕ್ಯಾಬಿನ್ನಿನ ಬಾಗಿಲು 56. ತಂಗಿ ಪರ್ಸಿನಲ್ಲಿದ್ದ ಹೊಲಿಗೆ ಟೇಪಿನಿಂದ ಎರಡು ಸಲ ಅಳೆದಳು.

ಬುಕ್ ಮಾಡುವಾಗ ಫಾರ್ಮಿನಲ್ಲಿ "ವೀಲ್‌ಚೇರ್" ಅಂತ ಒಂದು ಚೌಕ ಇತ್ತು, ಅದಕ್ಕೆ ಟಿಕ್ ಹಾಕಿದ್ದೆವು. ಆ ಟಿಕ್ಕಿನ ಅರ್ಥ ಟರ್ಮಿನಲ್ಲಿನಲ್ಲಿ ಕುರ್ಚಿ ತಳ್ಳಲು ಒಬ್ಬರು ಬೇಕು ಎಂದಷ್ಟೇ. ಕುರ್ಚಿ ಹೋಗುವಂಥ ಕ್ಯಾಬಿನ್ ಬೇಕು ಅನ್ನುವುದು ಬೇರೆ ಕೋರಿಕೆ, ಅದನ್ನು ಬೇರೆಯಾಗಿ ಕೇಳಬೇಕು, ಸಿಕ್ಕಿದೆ ಅಂತ ಬರವಣಿಗೆಯಲ್ಲಿ ತೆಗೆದುಕೊಳ್ಳಬೇಕು. ಇಲ್ಲಿ ಕೂತಿರುವ ಏಜೆಂಟರು ದಯವಿಟ್ಟು ಇದೊಂದನ್ನು ಬರೆದಿಟ್ಟುಕೊಳ್ಳಿ. ವಿಮಾನದ ಟಿಕೆಟ್ ಅಭ್ಯಾಸದಲ್ಲಿ ನೀವೂ ಟಿಕ್ ಹಾಕಿ ಸುಮ್ಮನಾಗುತ್ತೀರಿ, ನಾವೂ ನಂಬುತ್ತೇವೆ.

ಕುರ್ಚಿ ಮಡಚಿದರೆ ಬಾಗಿಲಲ್ಲಿ ತೂರುತ್ತದೆ, ಆದರೆ ಮಡಚಬೇಕಾದರೆ ನಾನು ಅದರಲ್ಲಿ ಇರಬಾರದು. ಕಾರಿಡಾರಿನಲ್ಲಿ ಬಿಡುವಂತಿಲ್ಲ, ಅವಘಡವಾದರೆ ಜನ ಓಡುವ ದಾರಿ ಅದು. ಹೀಗಾಗಿ ಪ್ರತಿ ಸಲ ತಂಗಿ ನನ್ನನ್ನು ಕಂಕುಳಿಗೆ ಕೈ ಹಾಕಿ ಎತ್ತಿ ಹಾಸಿಗೆಯ ತುದಿಗೆ ಕೂರಿಸಿ, ಆಮೇಲೆ ಕುರ್ಚಿ ಮಡಚಿ ಒಳಗೆ ತರುತ್ತಿದ್ದಳು. ಅವಳಿಗೂ ಐವತ್ತು ದಾಟಿದೆ. ಬಚ್ಚಲಿನ ಬಾಗಿಲಿಗೆ ಒಂದು ಗೇಣಿನ ಒಡ್ಡು. ಒಳಗೆ ತಿರುಗಲು ಜಾಗವಿಲ್ಲ, ಹಿಡಿಯಲು ಕಂಬಿ ಇಲ್ಲ.

ಆಗ ನಾನು ಮಾಡಿದ್ದನ್ನು ಈ ಸಭೆಯಲ್ಲಿರುವ ಹೆಣ್ಣುಮಕ್ಕಳು ಬೇಗ ಅರ್ಥ ಮಾಡಿಕೊಳ್ಳುತ್ತೀರಿ. ನೀರು ಕುಡಿಯುವುದನ್ನು ಬಿಟ್ಟೆ. ಬೆಳಿಗ್ಗೆ ಅರ್ಧ ಲೋಟ ಚಹಾ, ಮಧ್ಯಾಹ್ನ ಎರಡು ಗುಟುಕು ನೀರು. ಊಟದ ಡೆಕ್ಕಿನಲ್ಲಿ (ಹಡಗಿನ ಮಹಡಿಗೆ ಡೆಕ್ ಅನ್ನುತ್ತಾರೆ) ಗಾಲಿಕುರ್ಚಿಯವರಿಗೆ ಒಂದು ಒಳ್ಳೆಯ ಶೌಚಾಲಯ ಇತ್ತು, ಹಗಲು ಅದಕ್ಕೆ ಹೋಗುತ್ತಿದ್ದೆ. ರಾತ್ರಿಯ ಭಯಕ್ಕೆ ಸಂಜೆ ಆರರ ಮೇಲೆ ಏನೂ ಬಾಯಿಗೆ ಹಾಕಲಿಲ್ಲ. ಇದು ನನಗೆ ಹೊಸದಲ್ಲ. ಶಾಲೆಯಲ್ಲಿ, ಕಾಲೇಜಿನಲ್ಲಿ, ಮದುವೆ ಛತ್ರಗಳಲ್ಲಿ, ರೈಲಿನಲ್ಲಿ ಬಾಯಾರಿಕೆ ತಡೆದುಕೊಂಡೇ ಬೆಳೆದವಳು ನಾನು. ಸುತ್ತ ಎತ್ತ ನೋಡಿದರೂ ನೀರೇ ಇರುವ ಕಡೆ ಹಣ ಕೊಟ್ಟು ಹೋಗಿ ಹಾಗೆ ಇರಬೇಕಾದಾಗ ಎರಡನೇ ರಾತ್ರಿ ನನಗೆ ಅಳು ಬಂತು. ಮೂತ್ರನಾಳದ ಸೋಂಕು ಹಿಡಿದು ಊರಿಗೆ ಬಂದ ಮೇಲೆ ಹತ್ತು ದಿನ ಔಷಧ ತೆಗೆದುಕೊಂಡೆ.

ನಮ್ಮ ಕ್ಯಾಬಿನ್ ಸ್ವಚ್ಛ ಮಾಡುವ ಹುಡುಗ ಕುಂದಾಪುರದ ಕಡೆಯವನು. ನಮ್ಮ ಮಾತು ಕೇಳಿ ಬಾಗಿಲಲ್ಲೇ ನಿಂತು ನಕ್ಕ. ಹಡಗಿನಲ್ಲಿ ಅಗಲ ಬಾಗಿಲ ಕ್ಯಾಬಿನ್‌ಗಳಿವೆ, ಅವುಗಳ ಬಚ್ಚಲಿಗೆ ಒಡ್ಡಿಲ್ಲ, ಸ್ನಾನಕ್ಕೆ ಮಡಚುವ ಆಸನ ಇದೆ ಅಂತ ಅವನಿಂದಲೇ ಗೊತ್ತಾಯಿತು. ಅವು ಎಲ್ಲವೂ ತುಂಬಿದ್ದವು. ಒಂದರಲ್ಲಿ ಜಾಗ ದೊಡ್ಡದಿದೆ ಅಂತ ಬುಕ್ ಮಾಡಿದ, ಎಲ್ಲರೂ ನಡೆದಾಡುವ ಒಂದು ಕುಟುಂಬ ಇತ್ತು. ರಿಸೆಪ್ಶನ್ನಿನಲ್ಲಿ ಕೇಳಿದೆ. ಬುಕ್ ಮಾಡಿದವರನ್ನು ಎಬ್ಬಿಸಲಾಗದು ಅಂದರು. ಆ ಕುಟುಂಬದ ಮೇಲೆ ನನಗೆ ಸಿಟ್ಟಿಲ್ಲ, ಮಾರುವಾಗ ಅವರಿಗೆ ಯಾರೂ ಹೇಳಿರಲಿಕ್ಕಿಲ್ಲ. ಕಡೆಯವರೆಗೂ ಆ ಕೋಣೆಗಳನ್ನು ಬೇಕಾದವರಿಗೆಂದು ಕಾದಿಡುವುದು ಕಂಪನಿಯ ಕೆಲಸ.

ಈಗ ವಿದ್ಯಾರ್ಥಿಗಳಿಗೆ ಸೇರಿದ ಭಾಗ. ಹಡಗಿನಲ್ಲಿ ಹೊಸ್ತಿಲು ಯಾಕಿರುತ್ತದೆ? ತೆರೆದ ಡೆಕ್ಕಿನ ಮೇಲೆ ಅಲೆ ಹತ್ತಿದರೆ ನೀರು ಒಳಗೆ ನುಗ್ಗಬಾರದು. ಒಳಗೆ ನುಗ್ಗಿದ ನೀರು ಒಂದೇ ಕಡೆ ನಿಲ್ಲುವುದಿಲ್ಲ. ಹಡಗು ವಾಲಿದ ಕಡೆಗೆ ಓಡುತ್ತದೆ, ಓಡಿದಷ್ಟೂ ಹಡಗನ್ನು ಇನ್ನಷ್ಟು ವಾಲಿಸುತ್ತದೆ. ಹಡಗಿಗೆ ಎಷ್ಟು ಭಾರ ಹೇರಬಹುದು ಎಂದು ಗೊತ್ತುಮಾಡುವ 1966ರ ಅಂತರರಾಷ್ಟ್ರೀಯ ಲೋಡ್ ಲೈನ್ ಒಪ್ಪಂದದಲ್ಲಿ ಇಂಥ ಕೆಲವು ಬಾಗಿಲುಗಳಿಗೆ ಒಡ್ಡು ಕಡಿಮೆಯೆಂದರೂ 38 ಸೆಂಟಿಮೀಟರ್ ಎತ್ತರ ಇರಲೇಬೇಕು ಅಂತಿದೆ. ಅದು ಸಮುದ್ರ ಇಟ್ಟ ಹೊಸ್ತಿಲು. ಅದನ್ನು ಕೊಯ್ಯಿರಿ ಅಂತ ನಾನು ಯಾವತ್ತೂ ಕೇಳುವುದಿಲ್ಲ. ಮುಳುಗುವ ಹಡಗಿನಿಂದ ಕಡೆಗೆ ಹೊರಬರುವವಳು ನಾನೇ.

ಬಚ್ಚಲಿನ ಒಡ್ಡಿನ ಕಥೆ ಬೇರೆ. ಕ್ಯಾಬಿನ್ನಿನ ಬಚ್ಚಲನ್ನು ಕಾರ್ಖಾನೆಯಲ್ಲಿ ಇಡಿಯಾಗಿ ಪೆಟ್ಟಿಗೆಯಂತೆ ಮಾಡಿ ತಂದು ಕೂರಿಸುತ್ತಾರೆ. ಪೈಪುಗಳು ನೆಲದಡಿಯಲ್ಲಿ ಹೋಗುವುದರಿಂದ ನೆಲ ಮೇಲೇಳುತ್ತದೆ, ಹಡಗು ಹೊಯ್ದಾಡುವಾಗ ಸ್ನಾನದ ನೀರು ಹೊರಗೆ ಚೆಲ್ಲದಿರಲಿ ಅಂತ ಅಂಚನ್ನೂ ಏರಿಸುತ್ತಾರೆ. ಹಡಗು ಕಟ್ಟುವಾಗಲೇ ಕೇಳಿದರೆ ನೆಲ ತಗ್ಗಿಸಿದ ಪೆಟ್ಟಿಗೆ ಬರುತ್ತದೆ. ಕಟ್ಟಿ ಮುಗಿದ ಮೇಲೆ ಬದಲಿಸುವುದು ಕಷ್ಟ, ಖರ್ಚೂ ಹೆಚ್ಚು.

ಇನ್ನು ಆ 56 ಸೆಂಟಿಮೀಟರಿನ ಬಾಗಿಲು. ಅದಕ್ಕೆ ಸಮುದ್ರ ಕಾರಣವಲ್ಲ. ಒಂದು ಡೆಕ್ಕಿನಲ್ಲಿ ಎಷ್ಟು ಹೆಚ್ಚು ಕ್ಯಾಬಿನ್ ಹಿಡಿಸಿದರೆ ಅಷ್ಟು ಹೆಚ್ಚು ಟಿಕೆಟ್. ಅಮೆರಿಕದ ಅಳತೆಯ ಪ್ರಕಾರ ಕುರ್ಚಿ ಸಲೀಸಾಗಿ ಹೋಗಲು ಬಾಗಿಲು 81 ಸೆಂಟಿಮೀಟರ್ ತೆರೆದುಕೊಳ್ಳಬೇಕು. ಅದೇ ಹಡಗಿನಲ್ಲಿ, ಅದೇ ಅಲೆಯ ಮೇಲೆ, ಕುಂದಾಪುರದ ಹುಡುಗ ಹೇಳಿದ ಕ್ಯಾಬಿನ್‌ಗಳ ಬಾಗಿಲು ಅಗಲವಾಗೇ ಇದ್ದವಲ್ಲ. ಹಾಗಾದರೆ ಮಿಕ್ಕವು ನಾವು ಇಟ್ಟ ಹೊಸ್ತಿಲು.

ಹೊರಡುವ ಮುನ್ನ ಸೈರನ್ ಊದಿ ಎಲ್ಲರನ್ನೂ ಒಂದು ಕಡೆ ಸೇರಿಸಿ ಲೈಫ್ ಜಾಕೆಟ್, ಲೈಫ್ ಬೋಟ್ ತೋರಿಸುತ್ತಾರೆ. 2012ರ ಜನವರಿ 13ರ ರಾತ್ರಿ ಇಟಲಿಯ ಜಿಲಿಯೊ ದ್ವೀಪದ ಹತ್ತಿರ ಕೋಸ್ಟಾ ಕಾಂಕಾರ್ಡಿಯಾ ಎಂಬ ಕ್ರೂಸ್ ಹಡಗು ಬಂಡೆಗೆ ಬಡಿದು ಮಗುಚಿತು, 32 ಜನ ಸತ್ತರು. ಆ ದಿನವೇ ಹಡಗು ಹತ್ತಿದ್ದ ನೂರಾರು ಜನರಿಗೆ ಈ ಅಭ್ಯಾಸ ಇನ್ನೂ ಆಗಿರಲಿಲ್ಲ. 2015ರಿಂದ, ಹೊರಡುವ ಮೊದಲೇ ಅಥವಾ ಹೊರಟ ಕೂಡಲೇ ಅಭ್ಯಾಸ ಮಾಡಿಸಬೇಕು ಎಂಬ ನಿಯಮ ಬಂದಿದೆ. ನಾನು ಅಲ್ಲಿ ಕೇಳಿದ್ದು ಒಂದೇ ಪ್ರಶ್ನೆ: ಅವಘಡವಾದಾಗ ಲಿಫ್ಟು ನಂಬುವಂತಿಲ್ಲ, ನನ್ನನ್ನು ಮೆಟ್ಟಿಲಲ್ಲಿ ಇಳಿಸುವವರು ಯಾರು? ಅಧಿಕಾರಿಯೊಬ್ಬರು ಪಟ್ಟಿಯಲ್ಲಿ ನನ್ನ ಕ್ಯಾಬಿನ್ ಸಂಖ್ಯೆ ಬರೆದುಕೊಂಡು, ಮೆಟ್ಟಿಲಿಳಿಸುವ ವಿಶೇಷ ಕುರ್ಚಿ ಎಲ್ಲಿದೆ, ಯಾರು ಬರುತ್ತಾರೆ ಅಂತ ತೋರಿಸಿದರು. ಸಮಾಧಾನವಾಯಿತು. ನಾನು ಕೇಳದಿದ್ದರೆ ಆ ಪಟ್ಟಿಗೆ ಹೆಸರು ಸೇರುತ್ತಿತ್ತೋ ಎಂಬ ಪ್ರಶ್ನೆ ಮಾತ್ರ ಇವತ್ತಿಗೂ ಕಾಡುತ್ತದೆ.

ಪೆನಾಂಗಿನಲ್ಲಿ ಹಡಗು ಕಟ್ಟೆಗೇ ತಾಗಿ ನಿಂತಿತು. ಬೆಳಿಗ್ಗೆ ಇಳಿಯುವಾಗ ಸೇತುವೆ ಹಲಗೆ ಸುಮಾರಾಗಿ ಸಮ ಇತ್ತು. ಸಂಜೆ ವಾಪಸ್ ಬರುವಷ್ಟರಲ್ಲಿ ಉಬ್ಬರವಿಳಿತಕ್ಕೆ ಹಡಗು ಏರಿಳಿದು ಅದೇ ಹಲಗೆ ಗುಡ್ಡದ ಹಾಗಾಗಿತ್ತು, ಇಬ್ಬರು ಹಿಂದಿನಿಂದ ತಳ್ಳಿದರು. ಅದು ದೊಡ್ಡ ತೊಂದರೆಯಲ್ಲ. ಫುಕೆಟ್‌ನಲ್ಲಿ ಹಡಗು ಕೊಲ್ಲಿಯಲ್ಲಿ ಲಂಗರು ಹಾಕಿತು. ದಡಕ್ಕೆ ಹೋಗುವುದು ಟೆಂಡರ್ ಎಂಬ ಸಣ್ಣ ದೋಣಿಯಲ್ಲಿ. ಹಡಗಿನ ಬಾಗಿಲಿಗೂ ದೋಣಿಗೂ ನಡುವಿನ ಸಂದು ಅಲೆ ಅಲೆಗೂ ಅಗಲವಾಗುತ್ತದೆ, ದೋಣಿ ಮೊಳದಷ್ಟು ಮೇಲೆ ಬರುತ್ತದೆ, ಮತ್ತೆ ಇಳಿಯುತ್ತದೆ. "ನಾಲ್ಕು ಹೆಜ್ಜೆ ನಡೆಯಬಲ್ಲಿರಾ?" ಅಂದರು. ಇಲ್ಲ ಅಂದೆ. ಹಾಗಾದರೆ ಆಗದು ಅಂದರು. ಅಂಥ ಕಡೆ ಕುರ್ಚಿ ಸಮೇತ ಎತ್ತಿ ದಾಟಿಸುವುದು ಅಪಾಯವೇ, ಅವರು ಬೇಡವೆಂದದ್ದು ತಪ್ಪಲ್ಲ. ಫುಕೆಟ್‌ನಲ್ಲಿ ದೋಣಿಯಿಂದಲೇ ಇಳಿಯಬೇಕು ಎಂಬುದನ್ನು ಹಣ ಕಟ್ಟಿಸಿಕೊಳ್ಳುವಾಗ ಹೇಳಬೇಕಿತ್ತು. ತಂಗಿಯನ್ನು ಹೋಗು ಅಂದೆ, ಅವಳು ಹೋಗಲಿಲ್ಲ. ಖಾಲಿ ಡೆಕ್ಕಿನಲ್ಲಿ ಇಬ್ಬರೂ ಕೂತು ದಡದ ತೆಂಗಿನ ಮರಗಳನ್ನು ನೋಡಿದೆವು.

ಕುರ್ಚಿಯನ್ನು ಉರುಳಿಸಿಯೇ ಟೆಂಡರಿಗೆ ಸೇರಿಸುವ ಏರಿಳಿಯುವ ವೇದಿಕೆ ಕೆಲವು ಕಂಪನಿಗಳ ಹಡಗುಗಳಲ್ಲಿ ಇದೆ. ಅಂದರೆ ಅಲ್ಲಿಯೂ ಹಲಗೆ ಹಾಕಲು ಬರುತ್ತದೆ.

ಸಮುದ್ರದ ಹೊಸ್ತಿಲು ಯಾವುದು, ನಮ್ಮದು ಯಾವುದು ಎಂಬ ಪ್ರಶ್ನೆ ಅಮೆರಿಕದ ಸುಪ್ರೀಂ ಕೋರ್ಟಿಗೂ ಹೋಗಿತ್ತು. 1998 ಮತ್ತು 1999ರಲ್ಲಿ ಹ್ಯೂಸ್ಟನ್‌ನಿಂದ ನಾರ್ವೇಜಿಯನ್ ಕ್ರೂಸ್ ಲೈನ್ ಹಡಗುಗಳಲ್ಲಿ ಹೋದ ಅಂಗವಿಕಲರು ದಾವೆ ಹೂಡಿದರು. ಬಾಗಿಲುಗಳ ಒಡ್ಡು ಅವರ ದೂರಿನಲ್ಲೇ ಇತ್ತು. ಜೊತೆಗೆ ತಮ್ಮಿಂದ ಹೆಚ್ಚು ದರ ಕೇಳುತ್ತಾರೆ, ಜೊತೆಗೊಬ್ಬರು ಇರಲೇಬೇಕು ಅನ್ನುತ್ತಾರೆ ಎಂಬ ದೂರೂ ಇತ್ತು. ಹಡಗು ಬಹಾಮಾಸ್ ಬಾವುಟದ್ದು, ಅಂದರೆ ಆ ದೇಶದಲ್ಲಿ ನೋಂದಾಯಿಸಿದ್ದು, ಅಮೆರಿಕದ ಕಾನೂನು ಅನ್ವಯಿಸದು ಅಂತ ಕಂಪನಿ ವಾದಿಸಿತು. 2005ರಲ್ಲಿ ತೀರ್ಪು ಬಂತು: ಅಮೆರಿಕದ ನೀರಿನಲ್ಲಿರುವಾಗ ವಿದೇಶಿ ಬಾವುಟದ ಹಡಗಿಗೂ ಅಂಗವಿಕಲರ ಕಾನೂನು ಅನ್ವಯಿಸುತ್ತದೆ, ಆದರೆ ಅಂತರರಾಷ್ಟ್ರೀಯ ಸುರಕ್ಷತಾ ನಿಯಮ ಮುರಿಯುವಂಥ ಬದಲಾವಣೆಯನ್ನು ಕೇಳಲಾಗದು. ನೀರು ತಡೆಯುವ ಒಡ್ಡು ಉಳಿಯಲಿ. ಹೆಚ್ಚು ದರ ಕೇಳುವುದಕ್ಕೂ ಅಲೆಗೂ ಏನು ಸಂಬಂಧ? ಅಪ್ಪನ ಹಲಗೆ ನನಗೆ ನೆನಪಾದದ್ದು ಈ ತೀರ್ಪಿನ ಬಗ್ಗೆ ಓದುವಾಗಲೇ.

2015ರಲ್ಲಿ ಕಾರ್ನಿವಲ್ ಕಂಪನಿ ಅಮೆರಿಕದ ನ್ಯಾಯ ಇಲಾಖೆಯ ಜೊತೆ 62 ಹಡಗುಗಳಿಗೆ ಅನ್ವಯಿಸುವ ಒಪ್ಪಂದ ಮಾಡಿಕೊಂಡಿತು. ನೂರಕ್ಕೆ ಮೂರು ಕ್ಯಾಬಿನ್‌ಗಳನ್ನು ಅಂಗವಿಕಲರಿಗೆ ಅನುಕೂಲ ಮಾಡಬೇಕು, ಅವುಗಳಲ್ಲೂ ಮೂರು ದರ್ಜೆ: ಪೂರ್ತಿ ಕುರ್ಚಿಯಲ್ಲೇ ಓಡಾಡಬಹುದಾದದ್ದು, ಹಾಸಿಗೆಯ ಒಂದೇ ಬದಿಗೆ ಕುರ್ಚಿ ಹೋಗುವಂಥದ್ದು, ಕೋಲು ಹಿಡಿದು ನಡೆಯುವವರಿಗೆ ಆಗುವಂಥದ್ದು. ಈ ದರ್ಜೆಯ ಹೆಸರು ಕೇಳದೆ ಬುಕ್ ಮಾಡಬೇಡಿ. ಯುರೋಪಿನಲ್ಲಿ 2012ರ ಡಿಸೆಂಬರ್‌ನಿಂದ ಜಾರಿಯಲ್ಲಿರುವ ನಿಯಮದ ಪ್ರಕಾರ ಅಂಗವಿಕಲರು ಎಂಬ ಕಾರಣಕ್ಕೆ ಟಿಕೆಟ್ ನಿರಾಕರಿಸುವಂತಿಲ್ಲ. ಸುರಕ್ಷತೆಯ ಕಾರಣಕ್ಕೆ, ಇಲ್ಲವೇ ಹಡಗು ಅಥವಾ ಬಂದರಿನ ರಚನೆಯಿಂದಾಗಿ ಸಾಧ್ಯವೇ ಇಲ್ಲ ಎಂಬ ಕಾರಣಕ್ಕೆ ಮಾತ್ರ ಬೇಡವೆನ್ನಬಹುದು.

ನಮ್ಮ ದೇಶದ ಕಾನೂನನ್ನು ಪಕ್ಕಪಕ್ಕ ಇಟ್ಟು ಓದಿದಾಗ ನನಗೆ ಬೇಸರವಾದ ಒಂದು ಸಂಗತಿ ಇದೆ. 1995ರ ಅಂಗವಿಕಲರ ಕಾಯ್ದೆಯ 44ನೇ ಕಲಂ ರೈಲು ಬೋಗಿ, ಬಸ್ಸು, ವಿಮಾನದ ಜೊತೆ ಹಡಗನ್ನೂ ಹೆಸರು ಹಿಡಿದು ಹೇಳಿತ್ತು, ಹಡಗಿನ ಶೌಚಾಲಯವನ್ನೂ ಬಿಟ್ಟಿರಲಿಲ್ಲ. "ಆರ್ಥಿಕ ಶಕ್ತಿಯ ಮಿತಿಯೊಳಗೆ" ಎಂಬ ಮಾತು ಸೇರಿಸಿ ಅದರ ಹಲ್ಲು ಕಿತ್ತಿದ್ದರು, ನಿಜ. ಅದರ ಜಾಗಕ್ಕೆ ಬಂದ 2016ರ ಕಾಯ್ದೆ ಬಹಳ ವಿಷಯಗಳಲ್ಲಿ ದೊಡ್ಡದು. ಆದರೆ ಅದರ 41ನೇ ಕಲಂ ಬಸ್ ನಿಲ್ದಾಣ, ರೈಲು ನಿಲ್ದಾಣ, ವಿಮಾನ ನಿಲ್ದಾಣ ಅಂತ ಎಣಿಸುತ್ತದೆ, ಬಂದರು ಅನ್ನುವುದಿಲ್ಲ. ಎಲ್ಲ ಬಗೆಯ ಸಾರಿಗೆ ಎಂಬ ಮಾತಿನೊಳಗೆ ಹಡಗೂ ಬರುತ್ತದೆ. ಆದರೂ ಹೆಸರಿಲ್ಲದ್ದು ಕಣ್ಣಿಗೆ ಬೀಳುವುದು ಕಷ್ಟ. 2024ರ ನವೆಂಬರ್‌ನಲ್ಲಿ ನಮ್ಮ ಸುಪ್ರೀಂ ಕೋರ್ಟು ರಾಜೀವ್ ರತೂರಿ ಎಂಬವರು ಹೂಡಿದ ಪ್ರಕರಣದಲ್ಲಿ, ಇಂಥ ಅನುಕೂಲಗಳು ಬರೀ ಸಲಹೆಯಾಗಿ ಇದ್ದರೆ ಸಾಲದು, ಕಡ್ಡಾಯ ನಿಯಮ ಮಾಡಿ ಅಂತ ಕೇಂದ್ರ ಸರ್ಕಾರಕ್ಕೆ ಹೇಳಿದೆ. ಆ ನಿಯಮಗಳಲ್ಲಿ ಬಂದರು, ಹಡಗು, ದೋಣಿಕಟ್ಟೆ ಎಂಬ ಪದಗಳು ಇರಬೇಕು ಎಂಬುದು ನನ್ನ ಬೇಡಿಕೆ. ಪತ್ರ ಬರೆದಿದ್ದೇನೆ. ನೀವೂ ಬರೆಯಿರಿ.

ನಮ್ಮವರಿಗೆ ಮಾಡಲು ಬರುವುದಿಲ್ಲ ಅಂತ ಹೇಳುತ್ತಿಲ್ಲ. 2023ರ ಏಪ್ರಿಲ್‌ನಲ್ಲಿ ಶುರುವಾದ ಕೊಚ್ಚಿ ವಾಟರ್ ಮೆಟ್ರೊ ನೋಡಿ. ಅಲ್ಲಿನ ಕಟ್ಟೆ ತೇಲುತ್ತದೆ. ಉಬ್ಬರ ಬಂದರೆ ದೋಣಿ ಏರುತ್ತದೆ, ಕಟ್ಟೆಯೂ ಜೊತೆಗೇ ಏರುತ್ತದೆ, ಎರಡರ ನಡುವೆ ಮಟ್ಟ ಬದಲಾಗುವುದಿಲ್ಲ. ಕಳೆದ ವರ್ಷ ಹೋದಾಗ ನನ್ನ ಕುರ್ಚಿಯನ್ನು ನಾನೇ ಉರುಳಿಸಿಕೊಂಡು ದೋಣಿಯೊಳಗೆ ಹೋದೆ. ದೋಣಿ ಅಂದರೆ ಯಾರಾದರೂ ಎತ್ತಬೇಕಾದ ಜಾಗ ಅಂತ ಬಾಲ್ಯದಿಂದ ಅಂದುಕೊಂಡಿದ್ದೆ. ಎತ್ತಲು ಸಿದ್ಧಳಾಗಿ ನಿಂತಿದ್ದ ತಂಗಿಗೆ ಕೈ ಎಲ್ಲಿಡಬೇಕೋ ತಿಳಿಯಲಿಲ್ಲ.

ಏಜೆಂಟರಿಗೆ ಒಂದು ಮಾತು. ಗಿರಾಕಿಯನ್ನು "ನಡೀತೈತ್ರಿ, ಏನೂ ತೊಂದ್ರಿಲ್ಲ" ಅಂತ ಕಳಿಸಬೇಡಿ. ಕುರ್ಚಿಯ ಅಗಲ ಕೇಳಿ ಬರೆದುಕೊಳ್ಳಿ. ಕ್ಯಾಬಿನ್ ಬಾಗಿಲು, ಬಚ್ಚಲ ಬಾಗಿಲು ಎಷ್ಟು ಸೆಂಟಿಮೀಟರ್, ಒಡ್ಡು ಎಷ್ಟು, ಒಳಗೆ ಕುರ್ಚಿ ಸುತ್ತಲು ಒಂದೂವರೆ ಮೀಟರ್ ಇದೆಯೇ, ಯಾವ ಊರಲ್ಲಿ ಟೆಂಡರ್ ದೋಣಿ ಅಂತ ಕಂಪನಿಯಿಂದ ಬರವಣಿಗೆಯಲ್ಲಿ ತರಿಸಿ. ಬ್ಯಾಟರಿ ಕುರ್ಚಿಯಾದರೆ ಅದರ ತೂಕವನ್ನೂ ಬ್ಯಾಟರಿಯ ಬಗೆಯನ್ನೂ ಮೊದಲೇ ತಿಳಿಸಿ.

ಮಾತು ಮುಗಿದ ಮೇಲೆ ಸಿವಿಲ್ ಮೂರನೇ ವರ್ಷದ ಒಬ್ಬ ಹುಡುಗ ಎದ್ದು ನಿಂತ. "ಮೇಡಂ, ರ‍್ಯಾಂಪಿಗೆ ಒಂದಕ್ಕೆ ಹನ್ನೆರಡು ಇಳಿಜಾರು ಅಂತ ನಾವು ಓದೀವಿ. ಹಡಗೇ ವಾಲಿದ್ರ ಆ ಲೆಕ್ಕ ಏನಾಗ್ತೈತ್ರಿ?" ನಾನು ಕಾಯುತ್ತಿದ್ದ ಪ್ರಶ್ನೆ. ಒಂದಕ್ಕೆ ಹನ್ನೆರಡು ಅಂದರೆ ಒಂದು ಅಡಿ ಏರಲು ಹನ್ನೆರಡು ಅಡಿ ಉದ್ದ, ಐದು ಡಿಗ್ರಿಗೆ ಸ್ವಲ್ಪ ಕಡಿಮೆ. ಹಡಗು ಒಂದು ಕಡೆಗೆ ಐದು ಡಿಗ್ರಿ ವಾಲಿದರೆ ರ‍್ಯಾಂಪ್ ಸಮನೆಲವಾಗುತ್ತದೆ, ಇನ್ನೊಂದು ಕಡೆಗೆ ವಾಲಿದರೆ ಇಳಿಜಾರು ಎರಡರಷ್ಟಾಗುತ್ತದೆ. ಹಾಗಾಗಿ ಹಡಗಿನಲ್ಲಿ ಉದ್ದ ರ‍್ಯಾಂಪ್ ನಂಬಿಕೊಳ್ಳುವುದಕ್ಕಿಂತ, ಸಮುದ್ರ ಕೇಳದ ಕಡೆಯಲ್ಲೆಲ್ಲ ಕಟ್ಟುವಾಗಲೇ ನೆಲ ಸಮ ಮಾಡುವುದು ಒಳ್ಳೆಯದು. ಒಡ್ಡು ಇರಲೇಬೇಕಾದ ಕಡೆ ಗಿಡ್ಡ ಹಲಗೆ, ಎರಡೂ ಬದಿ ಕಂಬಿ, ಜೊತೆಗೆ ಒಬ್ಬ ಸಿಬ್ಬಂದಿ ಬೇಕು ಅಂದೆ.

ಅವನು ಕೂರಲಿಲ್ಲ. ಬ್ಯಾಗಿನಿಂದ ಟೇಪು ತೆಗೆದು ವೇದಿಕೆಯ ಹತ್ತಿರ ಹೋದ, ಇನ್ನಿಬ್ಬರು ಎದ್ದು ಟೇಪಿನ ತುದಿ ಹಿಡಿದರು. ವೇದಿಕೆ 45 ಸೆಂಟಿಮೀಟರ್ ಎತ್ತರ. ರ‍್ಯಾಂಪಿಗೆ 5.4 ಮೀಟರ್ ಉದ್ದ ಬೇಕು, ಕೆಳಗೆ ಕುರ್ಚಿ ತಿರುಗಲು ಇನ್ನೊಂದೂವರೆ. ಬಲಗಡೆ ಗೋಡೆಯ ಉದ್ದಕ್ಕೂ ಅಳೆದುಕೊಂಡು ಹೋದರು. ಏಳು ಮೀಟರ್ ಖಾಲಿ ಇತ್ತು.